ಗುಬ್ಬಿ ಬಸ್ ಹತ್ತಿದ ನಮ್ಮ ಕ್ರಿಸ್‌ಮಸ್

ನಮ್ಮತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ನಿಮಗಿದ್ದರೆ, ಮೊದಲು ನೀವು ಯಾವುದಾದರೂ ಮರದಿಂದ ಬಿದ್ದು ಕಾಲು ಮುರಿದುಕೊಳ್ಳಬೇಕು. ಅದಾಗದಿದ್ದರೆ ನಿಮ್ಮ ಮನೆಯ ಸೂರಾದರೂ ಸೋರಬೇಕು. ಎರಡೂ ಇಲ್ಲದೆ, ತಿಂಗಳ ಸಂಬಳ, ತಾರಸಿ ಮನೆ, ಎರಡು ಗಟ್ಟಿ ಕಾಲು ಇಟ್ಟುಕೊಂಡು ನನ್ನ ಹಾಗೆ ಅವರ ಸೊಸೆಯಾಗಿ ಬಂದಿರೋ, ಕೆಟ್ಟಿರಿ!

ಅತ್ತೆ ಕುಣಿಗಲ್ಲಿನಲ್ಲಿ ನರ್ಸ್ ಆಗಿದ್ದರು. ರಿಟೈರ್ ಆದ ಮೇಲೆ ತುಮಕೂರಿನ ನಮ್ಮ ಮನೆಗೆ ಬಂದರು. ತೊಂಬತ್ತರ ದಶಕದ ನಡುವಿನ ಮಾತು. ನಾನು ಹೈಸ್ಕೂಲ್ ಟೀಚರ್, ನಮ್ಮ ಮನೆಯವರು ಕರೆಂಟ್ ಆಫೀಸಿನಲ್ಲಿ. ಜೀವಮಾನವೆಲ್ಲ ದುಡಿದು ಬಂದ ಹೆಂಗಸು, ಇನ್ನಾದರೂ ಸುಖವಾಗಿ ಕೂತಿರಲಿ ಎಂದು ನಾನು ಅವರನ್ನು ಒಂದು ಕೆಲಸವನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಅವರು ಅಡುಗೆಮನೆಯ ಬಾಗಿಲಿಗೆ ಬಂದರೆ ಸಾಕು, "ನೀವು ಕೂತ್ಕೊಳ್ಳಿ ಅತ್ತೆ" ಅನ್ನುತ್ತಿದ್ದೆ. ಅವರು ಹೋಗಿ ಕೂರುತ್ತಿದ್ದರು. ಹನ್ನೊಂದು ತಿಂಗಳು ಕೂತೇ ಇರುತ್ತಿದ್ದರು. ಡಿಸೆಂಬರ್ ಒಂದನೇ ತಾರೀಕು ಎದ್ದರೆಂದರೆ ಹಿಡಿಯುವವರು ಯಾರು?

ಬಡವರಿಗೆ ಕ್ರಿಸ್‌ಮಸ್ ಮಾಡಿಸುವುದು ಅತ್ತೆಯ ಹುಚ್ಚು. ನಮ್ಮ ಚರ್ಚಿನಲ್ಲೂ ಬಡವರಿಗೆ ಅಕ್ಕಿ, ಬೇಳೆ, ಒಂದು ಟವಲ್ಲು ಹಂಚುತ್ತಿದ್ದರು. ಅತ್ತೆ ಒಂದು ಸಲ ಅದನ್ನು ನೋಡಿ ಬಂದು, "ಕ್ಯೂ ನಿಲ್ಲಿಸಿ ಕೊಡೋಕೆ ಅದೇನು ರೇಷನ್ ಅಂಗಡೀನಾ?" ಎಂದರು. ಅವರ ಲೆಕ್ಕವೇ ಬೇರೆ. ವರ್ಷಕ್ಕೆ ಒಂದೇ ಮನೆ. ಆ ಮನೆಗೆ ಪೂರ್ತಿ ಹಬ್ಬ. ಹಳೇ ಬಟ್ಟೆ, ಮಿಕ್ಕಿದ ಸ್ವೀಟು ಒಳಗೆ ಹೋಗಕೂಡದು. ಎಲ್ಲಕ್ಕಿಂತ ಮುಖ್ಯವಾದ ಮಾತು, ಅವರನ್ನು "ಏನು ಬೇಕು?" ಅಂತ ಕೇಳಕೂಡದು.

"ಏನು ಬೇಕು ಅಂದ್ರೆ ಅಕ್ಕಿ ಅಂತಾರೆ ಕಣಮ್ಮ. ಪಾಪ, ಇನ್ನೇನು ಹೇಳ್ತಾರೆ? ಏನು ಆಸೆ ಅಂತ ಕೇಳ್ಬೇಕು."

ಆಸೆ ಕೇಳಿ ಕೇಳಿಯೇ ನಮ್ಮ ಮನೆ ಹಾಳಾಗಿದ್ದು! ಒಂದು ವರ್ಷ ಅಮೃತೂರಿನ ಒಬ್ಬ ಅಜ್ಜಿಯ ಸರದಿ. ಗಂಡ ಇಲ್ಲ, ಮಕ್ಕಳಿಲ್ಲ, ಕುಣಿಗಲ್ಲಿನಲ್ಲಿ ಅತ್ತೆಯ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದ ಹಳೇ ಪೇಷೆಂಟು. ಅತ್ತೆ ಆಸೆ ಕೇಳಿದ್ದಕ್ಕೆ ಆ ಅಜ್ಜಿ, "ಕಾರಲ್ಲಿ ಕೂತ್ಕಂಡು ನಮ್ಮೂರಾಗೆ ಒಂದು ರೌಂಡು ಒಡೀಬೇಕು ಕಣವ್ವ" ಎಂದಳಂತೆ. ಆ ವರ್ಷ ನಾವು ಚರ್ಚಿಗೆ ಗತ್ತಾಗಿ ಹೋಗೋಣವೆಂದು ನಮ್ಮ ಮನೆಯವರು ಸ್ನೇಹಿತರ ಅಂಬಾಸಡರ್ ಗೊತ್ತು ಮಾಡಿದ್ದರು. ಅದು ಅತ್ತೆಯನ್ನು ಕೂರಿಸಿಕೊಂಡು ನೆಟ್ಟಗೆ ಅಮೃತೂರಿಗೆ ಹೋಯಿತು! ನಾವು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಡೆದುಕೊಂಡು ಚರ್ಚಿಗೆ ಹೋದೆವು.

ಅಲ್ಲಿ ಆಗಿದ್ದೇನು? ಒಂದು ರೌಂಡು ಅಂದವಳು ಒಂದೇ ಬೀದಿಯಲ್ಲಿ ನಾಲ್ಕು ರೌಂಡು ಹೊಡೆಸಿದಳಂತೆ. ಆ ಬೀದಿಯಲ್ಲಿ ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ಮೈದುನನ ಮನೆ. ಮೂರು ರೌಂಡಿನವರೆಗೂ ಅವನು ಹೊರಗೆ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ನಾಲ್ಕನೇ ರೌಂಡಿಗೆ ಅವನು ಬಾಗಿಲಿಗೆ ಬಂದು ಬಾಯಿ ಬಿಟ್ಟುಕೊಂಡು ನಿಂತ. ಅಜ್ಜಿ ಏನು ಮಾಡಿದಳು ಗೊತ್ತೇ? ಮುಖ ಆ ಕಡೆ ತಿರುಗಿಸಿಕೊಂಡಳು!

ಮನೆಗೆ ಬಂದ ಅತ್ತೆ ಸೋಫಾದ ಮೇಲೆ ಬಿದ್ದು ಬಿದ್ದು ನಗುತ್ತಾ ಇದನ್ನು ಹೇಳಿದ್ದು ನನಗಲ್ಲ, ಫೋನಿನಲ್ಲಿ ತಮ್ಮ ಹಳೇ ಸ್ನೇಹಿತೆಗೆ. ನಾನು ಅಡುಗೆಮನೆಯಲ್ಲಿ ನಿಂತು ಕದ್ದು ಕೇಳಿಸಿಕೊಂಡೆ. ನಾನು ಹೋಗಿ ಕಾಫಿ ಕೊಟ್ಟಾಗ ನಗು ನಿಲ್ಲಿಸಿ, "ತೊಂದರೆ ಯಾಕೆ ತಗೊಂಡೆಯಮ್ಮ" ಎಂದರು. ತೊಂದರೆ! ಕಾಫಿ ಕೊಡುವುದು ತೊಂದರೆಯಂತೆ. ಅಮೃತೂರಿನ ಅಜ್ಜಿಗೆ ಕಾರು ಕೊಡುವುದು ಮಾತ್ರ ತೊಂದರೆಯಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ, ನೀವೇ ಹೇಳಿ.

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದೇ ಹೋದದ್ದು ಗುಬ್ಬಿಯವರ ವರ್ಷ.

ಅತ್ತೆ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರಂತೆ. ಪಕ್ಕದ ಸೀಟಿನಿಂದ ಪ್ಲಾಸ್ಟರ್ ಹಾಕಿದ ಒಂದು ಕಾಲು ಓಡಾಡುವ ಜಾಗಕ್ಕೆ ಚಾಚಿಕೊಂಡಿತ್ತು. ಕಾಲಿನ ಯಜಮಾನ ತೆಂಗಿನಮರ ಹತ್ತಿ ಕಾಯಿ ಕೀಳುವವನು, ಮರದಿಂದ ಬಿದ್ದಿದ್ದ. ಪ್ಲಾಸ್ಟರ್ ಒಳಗೆ ತೆಂಗಿನ ಕಡ್ಡಿ ತೂರಿಸಿ ಆನಂದವಾಗಿ ಕೆರೆದುಕೊಳ್ಳುತ್ತಿದ್ದ. ಅತ್ತೆ ಬಿಡುತ್ತಾರೆಯೇ?

"ಏಯ್! ಗಾಯ ಆಗಿ ಕೀವಾದ್ರೆ ಏನ್ ಮಾಡ್ತೀಯ? ತೆಗಿ ಕಡ್ಡಿ!"

"ಕಡೀತದೆ ಕಣವ್ವ. ಅದು ನನ್ ಕಾಲು."

"ಕಾಲು ನಿಂದು, ಕೀವು ಆದ್ಮೇಲೆ ಅದು ಡಾಕ್ಟರ್‌ದು!"

ಕಡ್ಡಿ ಕಿಟಕಿಯಿಂದ ಹೊರಗೆ ಹೋಯಿತು. ಬಸ್ಸು ತುಮಕೂರು ಸೇರುವಷ್ಟರಲ್ಲಿ ಹೆಂಡತಿ ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುತ್ತಾಳೆ, ಇಬ್ಬರು ಹೆಣ್ಣುಮಕ್ಕಳು, ಮೂರು ತಿಂಗಳಿಂದ ಅವಳೊಬ್ಬಳದೇ ದುಡಿಮೆ ಎಂಬುದೆಲ್ಲ ಅತ್ತೆಗೆ ತಿಳಿದುಹೋಗಿತ್ತು. ಆ ವರ್ಷದ ಕ್ರಿಸ್‌ಮಸ್ ಎಲ್ಲಿ ಎಂಬುದೂ ಬಸ್ಸಿನಲ್ಲೇ ಇತ್ಯರ್ಥವಾಗಿತ್ತು.

"ಅವರು ವಿಭೂತಿ ಇಟ್ಕೊಳ್ಳೋ ಜನ ಅತ್ತೆ. ಕ್ರಿಸ್‌ಮಸ್ ಯಾಕೆ ಮಾಡ್ತಾರೆ?" ಎಂದೆ.

"ಅದೇ ಮಾತು ಅವನೂ ಕೇಳ್ದ. ಹಂಗಾದ್ರೆ ಶಿವನ ಫೋಟೋ ಮುಂದೇನೂ ಒಂದು ತುಂಡು ಕೇಕ್ ಇಡಪ್ಪ ಅಂದೆ. ಒಪ್ಕೊಂಡ."

ಕೇಕಿಗೆ ಮೊಟ್ಟೆ ಹಾಕುವಂತಿಲ್ಲ! ಮೊಸರು, ಸೋಡಾ ಹಾಕಿ ನಾನು ಮಾಡಿದ ಮೊದಲ ಕೇಕು ಎಷ್ಟು ಗಟ್ಟಿಯಾಯಿತೆಂದರೆ ನಮ್ಮ ಮನೆಯವರು ಅದನ್ನು ಬಾಗಿಲಿಗೆ ಅಡ್ಡ ಇಟ್ಟು ನೋಡಿದರು. ಬಾಗಿಲು ಅಲ್ಲಾಡಲಿಲ್ಲ. ಮೂರನೇ ಸಲಕ್ಕೆ ಕೇಕು ಕೇಕಿನ ಹಾಗಾಯಿತು.

ಆಮೇಲೆ ಸೀರೆ. ಅತ್ತೆ ಎರಡು ಸೀರೆ ತಂದು ಮಂಚದ ಮೇಲೆ ಹರಡಿದರು. ಒಂದು ಮಾವಿನ ಹಣ್ಣಿನ ಬಣ್ಣದ್ದು, ಕೆಂಪು ಅಂಚು, ನೋಡಿದರೆ ಕಣ್ಣು ಕೀಳಲಾಗದು. ಇನ್ನೊಂದು ಬೂದುಬಣ್ಣದ್ದು, ಸ್ಟಾಫ್ ಮೀಟಿಂಗಿಗೆ ಉಡುವಂಥದು. ಮಾವಿನ ಬಣ್ಣದ್ದು ನನಗೇ ಎಂದು ಮನಸ್ಸಿನಲ್ಲೇ ಬ್ಲೌಸ್ ಹೊಲಿಸಿಬಿಟ್ಟೆ. ಅತ್ತೆ ಬೂದುಬಣ್ಣದ್ದನ್ನು ನನ್ನ ಕೈಗಿಟ್ಟು, "ನಿನಗೆ ಡೀಸೆಂಟಾಗಿ ಕಾಣುತ್ತೆ ಕಣಮ್ಮ" ಎಂದರು. ಡೀಸೆಂಟ್ ಯಾರಿಗೆ ಬೇಕಾಗಿತ್ತು!

ಕಡೆಗೆ ಆಸೆ ಕೇಳುವ ದಿನ. ಗುಬ್ಬಿಗೆ ಹೋಗಿ ಬಂದ ಅತ್ತೆ ವರದಿ ಒಪ್ಪಿಸಿದರು. ದೊಡ್ಡ ಹುಡುಗಿಗೆ ಮನೆ ಮುಂದೆ ಬಣ್ಣದ ಕಾಗದದ ಸ್ಟಾರ್ ಬೇಕು. ಚಿಕ್ಕವಳಿಗೆ ಗುಲಾಬಿ ಹೂವಿನ ಐಸಿಂಗ್ ಬೇಕು. ಗಂಡನಿಗೆ ಕೆರೆದುಕೊಳ್ಳಲು ಪರ್ಮಿಷನ್ ಬೇಕು, ಅದು ಸಿಗುವುದಿಲ್ಲ.

"ಅವಳಿಗೆ?"

"ಅವಳು ಏನೂ ಬ್ಯಾಡ ಬುಡಿ ಅಂತಾನೇ ಇದ್ಲು. ಹೊರಡೋವಾಗ ಬಾಗಿಲವರೆಗೂ ಬಂದು ಹೇಳಿದ್ಲು. ಒಂದಿನ ಯಾರಾದ್ರೂ ಅಡುಗೆ ಮಾಡಿ ಬಡಿಸಿದ್ರೆ ಕೂತ್ಕೊಂಡು ಉಣ್ಬೇಕಂತೆ."

ಅದನ್ನು ಕೇಳಿ ನನ್ನ ಹೃದಯ ಕರಗಿತು ಎಂದು ಬರೆದರೆ ನೀವು ಮೆಚ್ಚುತ್ತೀರಿ. ಆದರೆ ಕರಗಲಿಲ್ಲ. ಇದು ನನ್ನ ಆಸೆಯಲ್ಲವೇ? ಬೆಳಿಗ್ಗೆ ಐದಕ್ಕೆದ್ದು ತಿಂಡಿ ಮಾಡಿ, ಡಬ್ಬಿ ಕಟ್ಟಿ, ನಿಂತೇ ಎರಡು ತುತ್ತು ನುಂಗಿ ಸ್ಕೂಲಿಗೆ ಓಡುವವಳು ನಾನು. ನನ್ನ ಆಸೆಯನ್ನು ಅವಳು ಮೊದಲು ಹೇಳಿಬಿಟ್ಟಳಲ್ಲ ಎಂದು ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಅತ್ತೆ, "ನೀನು ಬಂದು ಅಡುಗೆ ಮಾಡಿ ಬಡಿಸಿದ್ರೆ…" ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಒಪ್ಪಿದೆ. ಪುಣ್ಯಕ್ಕಲ್ಲ! ಅತ್ತೆ ಅಷ್ಟೊಂದು ಹಚ್ಚಿಕೊಂಡ ಆ ಹೆಂಗಸಿನಲ್ಲಿ ನನ್ನಲ್ಲಿಲ್ಲದ್ದು ಏನಿದೆ ಎಂದು ಕಣ್ಣಾರೆ ನೋಡಬೇಕಾಗಿತ್ತು.

ಕ್ರಿಸ್‌ಮಸ್ ದಿನ ಬೆಳಗಿನ ಆರಾಧನೆ ಮುಗಿಸಿ, ಪಾತ್ರೆ, ಪರಾತ, ಕೇಕು, ಸ್ಟಾರ್ ಎಲ್ಲ ಹೊತ್ತು ಗುಬ್ಬಿ ಬಸ್ ಹತ್ತಿದೆವು. ವರ್ಷಕ್ಕೊಂದು ಸಲ ಸಿಗುವ ಬಿರಿಯಾನಿ ತಪ್ಪಿದ ದುಃಖದಲ್ಲಿ ನಮ್ಮ ಮನೆಯವರು ದಾರಿಯುದ್ದಕ್ಕೂ ಕಿಟಕಿಯಾಚೆ ಕೋಳಿಗಳನ್ನೇ ನೋಡುತ್ತಿದ್ದರು.

ಒಂದೇ ಕೋಣೆಯ ಮನೆ. ಕೂದಲು ಬಿಗಿಯಾಗಿ ಕಟ್ಟಿದ, ನನಗಿಂತ ಚಿಕ್ಕ ವಯಸ್ಸಿನ ತೆಳ್ಳನೆಯ ಹೆಂಗಸು. ಮಾವಿನ ಬಣ್ಣದ ಸೀರೆ ಅವಳಿಗೆ ಚೆನ್ನಾಗಿ ಒಪ್ಪಿತ್ತು. ಅದೂ ಒಂದು ಸಂಕಟ! ನಾನು ಒಲೆ ಮುಂದೆ ಕೂತು ಎಣ್ಣೆಗಾಯಿ, ಕೋಸಂಬರಿ, ಹೋಳಿಗೆ ಮಾಡಿದೆ. ನಮ್ಮ ಮನೆಯವರು ಸೂರಿಗೆ ಸ್ಟಾರ್ ಕಟ್ಟಿದರು. ಅತ್ತೆ? ಅತ್ತೆಯನ್ನು ಅಲ್ಲಿ ನೋಡಬೇಕಿತ್ತು!

"ಅವ್ವಾ, ಒಸಿ ಆ ದಿಂಬು ಇತ್ಲಾಗೆ ಸರಿಸಿ," ಎಂದ ಪ್ಲಾಸ್ಟರ್ ಕಾಲಿನವನು. ಸರಿಸಿದರು. "ಅಜ್ಜಿ, ಜಡೆ ಹಾಕು," ಎಂದಳು ಚಿಕ್ಕವಳು. ಹಾಕಿದರು. "ಅವ್ವ, ಈ ಕಾಯಿ ಒಸಿ ತುರ್ಕೊಡಿ," ಎಂದಳು ಆ ಹೆಂಗಸು. ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ತುರಿಮಣೆ ಹಾಕಿ ಕೂತೇಬಿಟ್ಟರು! ನಾನು ಹೂವಿನ ಹಾಗೆ ನೋಡಿಕೊಂಡ ಅತ್ತೆಗೆ ಇವರು ಆಳಿಗೆ ಹೇಳಿದ ಹಾಗೆ ಕೆಲಸ ಹೇಳುತ್ತಿದ್ದರು. ಅತ್ತೆಯೋ, ನಕ್ಕಿದ್ದೇ ನಕ್ಕಿದ್ದು. ಅಷ್ಟು ನಗು ನಮ್ಮ ಮನೆಯಲ್ಲಿ ಯಾವತ್ತಾದರೂ ಕೇಳಿದ್ದೆನೇ?

ಬಡಿಸುವ ಹೊತ್ತಾಯಿತು. ಆ ಹೆಂಗಸು ಎಲೆ ಮುಂದೆ ಕೂತಳು, ಆದರೆ ಕೂರಲು ಬರಲಿಲ್ಲ. ನಾನು ಪಲ್ಯ ಹಾಕಿದರೆ ಅರ್ಧ ಏಳುವಳು. ನೀರು ಇಟ್ಟರೆ, "ಅಯ್ಯೋ ಬುಡಿ ಅಕ್ಕ, ನಾನ್ ತಗಂತೀನಿ" ಎನ್ನುವಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿ, "ಸುಮ್ನೆ ಉಣ್ಣು ಮಗಳೇ" ಎಂದರು.

ಮಗಳೇ! ನನ್ನ ಕೈಯಲ್ಲಿದ್ದ ಹೋಳಿಗೆ ಅವಳ ಎಲೆಗೆ ಬೀಳದೆ ನೆಲಕ್ಕೆ ಬಿತ್ತು.

ಅವಳು ಉಂಡಳು. ನಿಧಾನವಾಗಿ, ತಲೆ ತಗ್ಗಿಸಿಕೊಂಡು, ಒಂದು ಅಗುಳೂ ಬಿಡದೆ ಉಂಡಳು. ಮೂಗು ಒರೆಸಿಕೊಂಡು, "ಕಾರ ಜಾಸ್ತಿ ಆಗೈತೆ" ಎಂದಳು. ಎಣ್ಣೆಗಾಯಿಗೆ ನಾನು ಕಾರ ಕಮ್ಮಿಯೇ ಹಾಕಿದ್ದೆ. ನನಗೆ ಆಗ ಅವಳ ಮೇಲೆ ಕೋಪ ಮಾಡಿಕೊಳ್ಳಲಾಗಲಿಲ್ಲ. ಆದರೆ ಕೋಪ ಎಲ್ಲಿಗಾದರೂ ಹೋಗಬೇಕಲ್ಲ? ಅತ್ತೆಯ ಕಡೆಗೆ ಹೋಯಿತು.

ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ನಾನೂ ಅತ್ತೆಯೂ ಒಂದೇ ಸೀಟು. ನಮ್ಮ ಮನೆಯವರು ಹಿಂದೆ ನಿದ್ದೆ ಹೊಡೆಯುತ್ತಿದ್ದರು. ಹೆಗ್ಗೆರೆ ಹತ್ತಿರ ಬರುವಾಗ ನನ್ನ ಬಾಯಿ ತಡೆಯಲಿಲ್ಲ.

"ಅತ್ತೆ, ಒಂದು ಮಾತು ಕೇಳ್ಲಾ? ಅಲ್ಲಿ ಅಷ್ಟು ನಗ್ತೀರಿ. ನಮ್ಮನೇಲಿ ಯಾಕೆ ನಗಲ್ಲ? ನಾನೇನು ಕಮ್ಮಿ ಮಾಡಿದೀನಿ ನಿಮಗೆ?"

ಅತ್ತೆ ಗಾಬರಿಯಿಂದ ನನ್ನ ಕಡೆ ತಿರುಗಿದರು. ಎಷ್ಟೋ ಹೆರಿಗೆ, ಎಷ್ಟೋ ಸಾವು ಕಂಡ ಹೆಂಗಸಿನ ಮುಖದಲ್ಲಿ ಅಂಥ ಗಾಬರಿ ನಾನು ನೋಡಿರಲಿಲ್ಲ.

"ಕಮ್ಮೀನಾ? ನೀನು ಎಲ್ಲಾ ಮಾಡ್ತೀಯ ಕಣಮ್ಮ. ಅದೇ…" ಎಂದು ಮಡಿಲಲ್ಲಿದ್ದ ಖಾಲಿ ಪರಾತವನ್ನು ಒರೆಸತೊಡಗಿದರು. "ನಾಲ್ಕು ವರ್ಷ ಆಯ್ತು ಬಂದು. ಒಂದಿನಾನೂ ನೀನು 'ಅತ್ತೆ, ಇದೊಂದು ಮಾಡ್ಕೊಡಿ' ಅಂದಿಲ್ಲ. ನಲವತ್ತು ವರ್ಷ ಬೆಲ್ ಹೊಡೆದ ಕಡೆ ಓಡಿದವಳು ನಾನು. ಈಗ ಯಾರೂ ಕರೆಯಲ್ಲ. ನಿಮ್ಮನೇಲಿ ಒಂದು ಲೋಟ ಎತ್ತಿಡೋಕೂ ಭಯ. ನೆಂಟರ ಮನೇಲಿ ಇದ್ದಂಗೆ ಇರ್ತೀನಿ. ನೆಂಟರು ಎಷ್ಟು ದಿನ ಇರಬಹುದು, ಹೇಳು?"

ಗುಬ್ಬಿಯ ಹೆಂಗಸಿಗೆ ಕೂತು ಉಣ್ಣುವ ಆಸೆ ಎಂದು ಕಂಡುಹಿಡಿದ ಅತ್ತೆಯನ್ನು, ನಿಮ್ಮ ಆಸೆ ಏನೆಂದು ನಾಲ್ಕು ವರ್ಷದಲ್ಲಿ ಕೇಳಿದವರು ಯಾರು? ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರ ಕೈ ಹಿಡಿದುಕೊಂಡೆ. ಮೆಟ್ಟಿಲು ಎತ್ತರವಿದೆ ಎಂಬ ನೆಪ.

ಮರುದಿನ ಬೆಳಿಗ್ಗೆ ನಾನು ಒಲೆ ಮುಂದೆ ನಿಂತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ಅಭ್ಯಾಸಬಲದಿಂದ "ನೀವು ಕೂತ್ಕೊಳ್ಳಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ಅತ್ತೆ, ಈ ಹುರುಳಿಕಾಯಿ ಹೆಚ್ಚಿಕೊಡಿ. ನನ್ನ ಕೈಲಿ ಆಗ್ತಿಲ್ಲ."

ಅತ್ತೆ ಆಪರೇಷನ್‌ಗೆ ಹೋಗುವವರ ಹಾಗೆ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದರು. ಚಾಕು ತೊಳೆದರು. ಆಮೇಲೆ ಕೂತು ಒಂದೊಂದೇ ಹುರುಳಿಕಾಯಿಯ ನಾರು ತೆಗೆದು, ಎಲ್ಲ ಒಂದೇ ಅಳತೆಗೆ, ನನ್ನ ಜನ್ಮದಲ್ಲಿ ನಾನು ಕಂಡಿರದಷ್ಟು ನಿಧಾನವಾಗಿ ಹೆಚ್ಚತೊಡಗಿದರು. ಅರ್ಧ ಗಂಟೆಗೆ ಒಂದು ಹಿಡಿ! ಸದ್ಯ, ಸ್ಕೂಲಿಗೆ ರಜ. ನಮ್ಮ ಮನೆಯವರು ಒಳಗೆ ಇಣುಕಿ, "ತಿಂಡಿ ಆಯ್ತಾ?" ಎಂದರು.

"ಆಗುತ್ತೆ, ಹೋಗು!" ಎಂದು ಅತ್ತೆ ಗದರಿದರು. ಆಮೇಲೆ ನನ್ನ ಕಡೆ ನೋಡಿ ನಕ್ಕರು.

ಆ ದಿನ ಉಪ್ಪಿಟ್ಟು ತಿಂದಾಗ ಹನ್ನೊಂದು ಗಂಟೆ. ನಾನು ತಟ್ಟೆ ಹಿಡಿದು ನಿಂತಿದ್ದೆ. ಅತ್ತೆ ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಕೂತ್ಕೋ, ನಾನು ಬಡಿಸ್ತೀನಿ" ಎಂದರು. ನಾನು ಕೂತೆ. ಉಪ್ಪಿಟ್ಟಿಗೆ ಯಾರೂ ಕಾರ ಹೆಚ್ಚು ಹಾಕಿರಲಿಲ್ಲ. ಆದರೂ ಮೂಗು ಒರೆಸಿಕೊಳ್ಳಲು ನನಗೆ ಸೆರಗು ಬೇಕಾಯಿತು.