ನಾಮಕರಣಕ್ಕೆ ಕರೆಯದೆ ಬಂದ ಮಳೆಗಾಲದ ಜ್ವರದವರಿಗೆ

ಡೊಂಬಿವಲಿ ಪೂರ್ವ,
ಆಗಸ್ಟ್ ೧೨, ೨೦೧೪

ಮಳೆಗಾಲದ ಶೀತಜ್ವರದ ವೈರಸ್ಸುಗಳಾದ ತಮ್ಮ ಸನ್ನಿಧಾನಕ್ಕೆ,

ಮಾನ್ಯರೇ,

ಎಂಐಡಿಸಿ ಕಾರ್ಖಾನೆಗಳ ಪಕ್ಕದ ಬಿಲ್ಡಿಂಗೊಂದರ ಮೂರನೆಯ ಮಹಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ತಮ್ಮ ಆತಿಥ್ಯ ಮಾಡಿಕೊಂಡು ಬಂದಿರುವ ರಮಾಮಣಿ ಎಂಬ ನಾನು, ಮೂಗು ಒರೆಸಿಕೊಳ್ಳುತ್ತಲೇ ತಮಗೆ ನಮಸ್ಕಾರ ತಿಳಿಸುತ್ತೇನೆ. ಕೈ ತೊಳೆದುಕೊಂಡು ಪೆನ್ನು ಹಿಡಿದಿದ್ದೇನೆ, ಅದನ್ನು ಅವಮಾನವೆಂದು ಭಾವಿಸಬಾರದು.

ಮೊದಲಿಗೆ ತಮ್ಮ ಸಮಯಪಾಲನೆಯನ್ನು ಹೊಗಳಬೇಕು. ಹಳಿಯ ಮೇಲೆ ನೀರು ನಿಂತ ದಿನ ಫಾಸ್ಟ್ ಲೋಕಲ್ ರೈಲು ಬರದಿರಬಹುದು, ತಾವು ಬರದ ಜುಲೈಯನ್ನು ಮಾತ್ರ ನಾನು ಕಂಡಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು ನನ್ನ ಅಭ್ಯಾಸ. ೨೦೦೬ರಿಂದ ಎತ್ತಿಟ್ಟ ಎಂಟು ಕ್ಯಾಲೆಂಡರುಗಳನ್ನು ಹರಡಿ ನೋಡಿದರೆ ಗೆರೆಗಳೆಲ್ಲ ಜುಲೈ ನಡುವಿನಿಂದ ಆಗಸ್ಟ್ ಮುಗಿಯುವವರೆಗೆ ಇರುವೆಯಂತೆ ಮುತ್ತಿಕೊಂಡಿವೆ, ಜನವರಿಯ ಚಳಿಯಲ್ಲಿ ಇನ್ನೊಂದು ಚಿಕ್ಕ ಗುಂಪು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ ರೈಲಿನ ಡಬ್ಬಿಯಲ್ಲಿ ತಾವು ಟಿಕೆಟ್ಟಿಲ್ಲದೆ ಕಲ್ಯಾಣ ಸ್ಟೇಷನ್ನಿನಲ್ಲಿ ಹತ್ತಿ, ಠಾಣೆ ಬರುವಷ್ಟರಲ್ಲಿ ಅರ್ಧ ಡಬ್ಬಿಯ ಜನರ ಪರಿಚಯ ಮಾಡಿಕೊಂಡಿರುವ ಸಂಗತಿಯೂ ನನಗೆ ಗೊತ್ತು.

ಇಷ್ಟು ತಿಳಿದವಳಾದ್ದರಿಂದಲೇ ಈ ವರ್ಷ ನನಗೆ ಭಯ ಹತ್ತಿತು. ನನ್ನ ಸೊಸೆ ಮಾನಸಿಗೆ ಜೂನ್‌ನಲ್ಲಿ, ದಿನ ತುಂಬುವ ಮೊದಲೇ ಹೆಣ್ಣು ಮಗುವಾಯಿತು. ತವರುಮನೆ ಕೋಪರಿಯಲ್ಲಿ ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯಾದ್ದರಿಂದ ಬಾಣಂತನ ನಮ್ಮಲ್ಲೇ ಎಂದಾಯಿತು. ಮಗುವಿನ ಎದೆ ಇನ್ನೂ ಬಲಿತಿಲ್ಲ, ಶೀತ ಇದ್ದವರು ಹತ್ತಿರ ಬರಬಾರದು ಎಂದು ಡಾಕ್ಟರು ಹೇಳಿದ ಮೇಲೆ ನಾನು ಬಾಗಿಲಿಗೆ ಕಾವಲು ಕುಳಿತೆ.

ಜುಲೈ ಇಪ್ಪತ್ತರ ಭಾನುವಾರ ಮಾನಸಿಯ ತಾಯಿ, ಹೋಟೆಲು ನಡೆಸುವ ರತ್ನಾವತಿಯವರು ಬಾಣಂತಿ ಲೇಹ್ಯದ ಡಬ್ಬಿ ಹಿಡಿದು ಬಂದರು. ಬೆಲ್ ಒತ್ತಿದರು, ಒಂದು ಸೀನು ಸೀನಿದರು. ನಾನು ಸೇಫ್ಟಿ ಡೋರ್ ತೆಗೆಯಲಿಲ್ಲ.

"ಮುಟ್ಟುವುದಿಲ್ಲ ಮಾರಾಯ್ರೆ, ದೂರದಿಂದ ನೋಡಿ ಹೋಗ್ತೇನೆ" ಎಂದರು.

"ಒಂದೆಂಟು ದಿನ ಬಿಟ್ಟು ಬನ್ನಿ, ಬೇಜಾರು ಮಾಡ್ಕೋಬೇಡಿ" ಎಂದೆ.

ಅವರು ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು. ಎಂಟು ದಿನವಾದರೂ ಬರಲಿಲ್ಲ, ಫೋನನ್ನೂ ಮಾಡಲಿಲ್ಲ. ಮಾನಸಿ ನನ್ನೊಡನೆ ಬಿಸಿನೀರು, ಬಟ್ಟೆ, ಹಾಲು ಎಂಬ ಮೂರು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ.

ಆಗಸ್ಟ್ ಹತ್ತಕ್ಕೆ ಮನೆಮಟ್ಟಿಗೆ ನಾಮಕರಣ, ಕಿವಿಯಲ್ಲಿ ಹೆಸರು ಕರೆಯುವವಳು ನಾನು ಎಂದು ನಿಶ್ಚಯವಾಗಿತ್ತು. ಇಡೀ ಊರಿನಲ್ಲಿ ತಮಗೆ ಬೇರೆ ಗಂಟಲು ಸಿಗಲಿಲ್ಲವೇ ಎಂಬುದು ನನ್ನ ವಿನಯಪೂರ್ವಕ ದೂರು. ತೊಟ್ಟಿಲಿಗೆ ಬಟ್ಟೆ ತರಲು ಶೇರ್ ರಿಕ್ಷಾ ಹತ್ತಿದ್ದೆ, ಪಕ್ಕದವರು ಕೆಮ್ಮುತ್ತಿದ್ದರು. ಶುಕ್ರವಾರ ಸಂಜೆಗೆ ನನಗೆ ನೂರೊಂದು ಡಿಗ್ರಿ. ಆ ಕ್ಷಣವೇ ಚಿಕ್ಕ ಕೋಣೆ ಸೇರಿ ಚಿಲಕ ಹಾಕಿಕೊಂಡೆ. ಗೋಡೆಯಾಚೆ ಮಗು ಅತ್ತಾಗಲೆಲ್ಲ, ಆ ಅಳುವಿನಲ್ಲಿ ಗೊರಗೊರ ಇದೆಯೇ ಎಂದು ಉಸಿರು ಹಿಡಿದು ಕೇಳಿದೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೋಪರಿಗೆ ಫೋನ್ ಮಾಡಿ, "ಹೆಸರು ನೀವೇ ಕರೀಬೇಕು, ನನಗೆ ಜ್ವರ" ಎಂದೆ.

ರತ್ನಾವತಿಯವರು, "ನನ್ನ ಶೀತ ಹೋಗಿ ಹದಿನೈದು ದಿನ ಆಯ್ತು. ಬರಬಹುದಾ?" ಎಂದರು.

"ಬನ್ನಿ. ಆವತ್ತು ನಿಮ್ಮನ್ನ ಹೊರಗೇ ನಿಲ್ಲಿಸಿದ್ದು ನನಗೂ ಚುಚ್ತಾ ಇದೆ."

"ಅದೆಲ್ಲ ಬಿಡಿ. ಕಷಾಯ ತರ್ತೇನೆ, ಬಾಗಿಲ ಹೊರಗೆ ಇಡ್ತೇನೆ" ಎಂದರು. ಅದು ಕುಟುಕೋ ಪ್ರೀತಿಯೋ ನನಗಿನ್ನೂ ತಿಳಿದಿಲ್ಲ, ಕಷಾಯವಂತೂ ಖಾರವಾಗಿತ್ತು.

ಭಾನುವಾರ ನಾನು ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ. ಮಗುವಿನ ಕಿವಿಯಲ್ಲಿ ಪಿಸುಗುಡಬೇಕಾದ ಹೆಸರನ್ನು ರತ್ನಾವತಿಯವರು, ಹೋಟೆಲಿನ ಗಲ್ಲಾದಿಂದ ಅಡುಗೆಮನೆಗೆ ಕೂಗಿ ಪಳಗಿದ ಆ ಗಂಟಲಿನಲ್ಲಿ, ಮೂರು ಸಲ "ಇಂಚರಾ" ಎಂದು ಮಹಡಿಯೆಲ್ಲ ಕೇಳುವಂತೆ ಕರೆದರು. ಮಗು ಬೆಚ್ಚಿ ಅತ್ತಿತು. ಆ ಅಳು ಸ್ವಚ್ಛವಾಗಿತ್ತು, ಗೊರಗೊರ ಇರಲಿಲ್ಲ. ಆಗ ಮಾನಸಿ ಬಾಗಿಲು ತಟ್ಟಿ, "ಅತ್ತೆ, ಅಮ್ಮ ನಿಮಗೆ ಕೇಳ್ಲಿ ಅಂತಾನೇ ಅಷ್ಟು ಜೋರಾಗಿ ಕರೆದ್ರು" ಎಂದಳು. ಮೂರು ವಾರಗಳಲ್ಲಿ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ: ಮುಂದಿನ ಜುಲೈನಲ್ಲಿ ಬರುವ ಮುನ್ನ ಒಂದು ಕಾರ್ಡು ಹಾಕಿ, ಒಂದು ವರ್ಷ ತುಂಬದವರ ಮನೆಗಳನ್ನು ಪಟ್ಟಿಯಿಂದ ಬಿಡಿ, ಸಾಧ್ಯವಾದರೆ ವರ್ಷವರ್ಷವೂ ವೇಷ ಬದಲಿಸುವ ಶ್ರಮವನ್ನು ತೆಗೆದುಕೊಳ್ಳಬೇಡಿ.

ಜ್ವರವಿಳಿಯುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ರಮಾಮಣಿ

ತಾ.ಕ.: ತಾವೆಂಬುವವರು ಇಲ್ಲವೇ ಇಲ್ಲ, ಎಲ್ಲವೂ ಫ್ಯಾನಿನ ಗಾಳಿಯಿಂದ ಎಂದು ನಮ್ಮ ಯಜಮಾನರು ಮೊನ್ನೆ ನೆಂಟರ ಮುಂದೆ ಅರ್ಧ ಗಂಟೆ ವಾದಿಸಿದರು. ಇಂದು ಬೆಳಿಗ್ಗೆ ಫ್ಯಾನ್ ಆರಿಸಿ, ಕಂಬಳಿ ಹೊದ್ದು, ನನ್ನ ಕೋಣೆಯಲ್ಲೇ ಜಾಗ ಕೇಳುತ್ತಿದ್ದಾರೆ. ಅವರಿಗೆ ತಮ್ಮ ಪರಿಚಯ ಮಾಡಿಸಿದ ಉಪಕಾರವೊಂದನ್ನು ಮಾತ್ರ ನಾನು ಮರೆಯುವುದಿಲ್ಲ.