ನನ್ನ ಕಾಲಿನ ಮೇಲ್ಮನವಿ

ನಮ್ಮ ಊರಾಗ ಯಾರೂ ಕೆಟ್ಟದ್ದು ಮಾಡಿ ಇನ್ನೊಬ್ಬರನ್ನ ಹಾಳು ಮಾಡಂಗಿಲ್ಲ. ಛಲೋ ಮಾಡ್ಲಿಕ್ಕೆ ಹೋಗೇ ಹಾಳು ಮಾಡ್ತಾರ. ಇಂಥವು ನನ್ನ ಪಾಲಿಗೆ ತಿಂಗಳಿಗೊಂದು ಇದ್ದೇ ಇರ್ತಾವ. ಆದ್ರ ಈ ಕಾಲಿನ ಪ್ರಕರಣ ಮಾತ್ರ ಎಲ್ಲಾದರ ತಲಿ ಮ್ಯಾಲ ಕುಂತದ.

ಮೊದಲ ನನ್ನ ಹಕೀಕತ್ತು ಹೇಳ್ತೀನಿ. ದೋರನಹಳ್ಳಿ ಕಡೀ ಒಂದು ಸಣ್ಣ ಊರು ನಮ್ಮದು. ಶಹಾಪುರದಾಗ ನಂದೊಂದು ಡಬ್ಬಿ ಅಂಗಡಿ: ಝೆರಾಕ್ಸ್ ತೆಗೀತೀನಿ, ಮಂದಿಗೆ ಅರ್ಜಿ ಬರದು ಕೊಡ್ತೀನಿ. ಸಣ್ಣಾವಿದ್ದಾಗ ಎಡಗಾಲಿಗೆ ಪೋಲಿಯೊ ಬಡೀತು. ಮೊಣಕಾಲ ಮ್ಯಾಲ ಕೈ ಊರಿ ನಡೀತೀನಿ. ಸರ್ಕಾರದ ಅಂಗವಿಕಲರ ಮಾಸಾಶನ ಬರ್ತದ, ಅದರಾಗ ಅಂಗಡಿ ಬಾಡಗಿ ನಡೀತದ. ಅದು ನಿಂತ್ರ ಅಂಗಡಿ ನಿಂತಂಗ, ಅಂಗಡಿ ನಿಂತ್ರ ನಾ ಮನ್ಯಾಗ ಕುಂತಂಗ. ಮನ್ಯಾಗ ಕುಂತವಗ ಹೆಣ್ಣು ಯಾರು ಕೊಡ್ತಾರ? ಆಗಿನ್ನೂ ನನಗ ಮದುವಿ ಆಗಿದ್ದಿಲ್ಲ. ಇನ್ನೊಂದು ಮಾತು, ನನಗ ಸಿಟ್ಟು ಭಾಳ ಅಂತ ಮಂದಿ ಅಂತಾರ. ಸುಳ್ಳು. ಹಂಗಂದವರ ಮ್ಯಾಲ ಅಷ್ಟೇ ಬರ್ತದ.

ಬಂಗಾರದಂಥ ಕಾಲು

ಒಂದಿನ ನಾ ಅಂಗಡಿಗೆ ಹೋದಾಗ ನಮ್ಮೂರಿಗೆ ಹೊಸಾ ತಲಾಟಿ, ಅಂದ್ರ ಗ್ರಾಮಲೆಕ್ಕಿಗ, ಬಂದಾನ. ಮಾಸಾಶನ ತಗೊಳ್ಳೋರು ಖರೇನೇ ಅಂಗವಿಕಲರು ಹೌದೋ ಅಲ್ಲೋ ಅಂತ ತಪಾಸಣಿ ಮಾಡೋದು ಅವನ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಮೋಟರ್ ಸೈಕಲ್, ಎಣ್ಣಿ ಹಚ್ಚಿದ ಕ್ರಾಪು. ನಮ್ಮ ಮನಿ ಕೀಲಿ ಹಾಕಿತ್ತು, ಹಿಂಗಾಗಿ ಬಾಜೂ ಮನಿ ದೊಡ್ಡವ್ವನ್ನ ಕೇಳ್ಯಾನ: "ಅಮ್ಮಾ, ಈ ಮನಿ ಹುಡುಗ ಹ್ಯಾಂಗ ಅದಾನ? ಕಾಲು ಹ್ಯಾಂಗ ಅದ?"

ನಮ್ಮ ಕಡೆ ಒಂದು ರೂಢಿ ಅದ. ಹೆಣ್ಣು ಕೊಡೋರು ನೇರ ಬರಂಗಿಲ್ಲ, ಮೊದಲ ಯಾರನ್ನರ ಕಳಿಸಿ ಬಾಜೂ ಮನ್ಯಾಗ ಹಗೂರಕ ವಿಚಾರ ಮಾಡ್ತಾರ. ಆವಾಗ ಬಾಜೂ ಮನಿಯವರು ಹುಡುಗನ ಐಬು ಹೇಳಬಾರ್ದು. ಹೇಳಿದ್ರ ಒಂದು ಮದುವಿ ಮುರದ ಪಾಪ ಏಳು ಜನ್ಮ ಬೆನ್ನ ಹತ್ತತದ ಅಂತ ನಮ್ಮ ದೊಡ್ಡವ್ವ ನಂಬ್ಯಾಳ.

ದೊಡ್ಡವ್ವ ಅವಗ ಕುಂದ್ರಾಕ ಹೊರಸು ಹಾಕಿ, ತಿನ್ನಾಕ ಸುಸಲಾ ಕೊಟ್ಟು, ಚಹಾ ಕಾಸಿ, ಆಮ್ಯಾಲ ಸುರು ಮಾಡ್ಯಾಳ.

"ಕಾಲಾ? ಕಾಲಿಗೇನಾಗ್ಯದ್ರೀ ಎಪ್ಪಾ? ಬಂಗಾರದಂಥ ಕಾಲು! ಚಿಗರಿ ಓಡಿದಂಗ ಓಡ್ತಾನ."

"ಮತ್ತ ಕುಂಟತಾನ ಅಂತ ಕಾಗದದಾಗ ಅದಲ್ಲ?"

"ಹೊಟ್ಟಿಕಿಚ್ಚಿನ ಮಂದಿ ಬರದಿರಬೇಕು!"

ಅಷ್ಟರಾಗ ಎದುರಿಗೆ ಚಹಾದ ಅಂಗಡಿಯವ ಬಂದು, "ಹೋದ ವರ್ಷ ಶಿರವಾಳದ ಗುಡಿ ತನಕ ನಡಕೋಂತ ಹೋಗಿ ಬಂದಾನ್ರಿ" ಅಂತ ಒಗ್ಗರಣಿ ಹಾಕ್ಯಾನ. ನಾ ಶಿರವಾಳಕ್ಕ ಹೋಗಿದ್ದು ಖರೆ, ಅವನದೇ ಟಂಟಂ ಆಟೋದಾಗ. ತಲಾಟಿ ಎಲ್ಲಾ ಬರಕೊಂಡು ಎದ್ದು ನಿಂತಾಗ ದೊಡ್ಡವ್ವ ಕೇಳ್ಯಾಳ:

"ಅಲ್ರೀ, ಹುಡುಗಿ ಎಷ್ಟು ಕಲ್ತಾಳ?"

"ಯಾವ ಹುಡುಗಿ? ನಂದಿನ್ನೂ ಮದುವೀನೇ ಆಗಿಲ್ಲಬೇ."

ಸಂಜಿಗೆ ನಾ ಮನಿಗೆ ಬರೋದ್ರಾಗ ದೊಡ್ಡವ್ವ ಬಾಗಲದಾಗೇ ನಿಂತಿದ್ಳು. "ಹುಡುಗಿ ಅಣ್ಣ ಬಂದಿದ್ದಪಾ" ಅಂದ್ಳು, "ತಂಗಿ ಮದುವಿ ಮುಗಿಸೇ ತನ್ನದು ಮಾಡ್ಕೋತಾನಂತ. ಭಾಳ ಸಂಭಾವಿತ."

ಫೈಲಿಗೆ ಗೊತ್ತಿಲ್ಲ

ಎರಡು ತಿಂಗಳಿಗೆ ಹುಡುಗಿ ಬರಲಿಲ್ಲ, ನೋಟೀಸು ಬಂತು. "ಸದರಿಯವರು ಸದೃಢರಾಗಿದ್ದು, ಓಡುತ್ತಾರೆಂದು ನೆರೆಹೊರೆಯವರು ತಿಳಿಸಿರುವುದರಿಂದ ಮಾಸಾಶನ ರದ್ದುಪಡಿಸಿದೆ."

ಓದಿ ನೆತ್ತಿಗೇರಿತು. ದೊಡ್ಡವ್ವನ ಮುಂದ ಆ ಕಾಗದ ಹಿಡದು ಹರಿಹಾಯ್ದೆ. ಆಕಿ ಒಂಚೂರೂ ಅಳುಕಲಿಲ್ಲ.

"ಮದುವಿ ವಯಸ್ಸಿನ ಹುಡುಗನ ಕಾಲು ಹ್ಯಾಂಗ ಅದ ಅಂತ ಎಣ್ಣಿ ಹಚ್ಚಿ ಬೈತಲಿ ತಗದವ ಬಂದು ಕೇಳಿದ್ರ ನಾ ಏನಂತ ತಿಳೀಲಿ? ಸರ್ಕಾರದಾವ ಅಂತ ಅವನ ಹಣಿ ಮ್ಯಾಲ ಬರದಿತ್ತೇನು?"

ತಹಶೀಲ್ ಕಚೇರಿಗೆ ಹೋದೆ. ಅಲ್ಲಿ ಗುಮಾಸ್ತ ನನ್ನ ಹಳೇ ಗುರ್ತಿನವ, ನನ್ನ ಅಂಗಡಿಗೆ ಬಂದು ಕುಂತು ಹರಟಿ ಹೊಡ್ಯಾವ. "ಅಣ್ಣಾ, ಹತ್ತು ವರ್ಷ ಆತು ನನ್ನ ನೋಡಾಕತ್ತಿ. ನಾ ಕುಂಟ ಹೌದಲ್ಲೋ?" ಅಂದೆ.

"ಹೌದಪಾ, ಪಕ್ಕಾ ಕುಂಟ. ನನಗ ಗೊತ್ತದ. ಫೈಲಿಗೆ ಗೊತ್ತಿಲ್ಲ." ಫೈಲಿಗೆ ತಿಳಿಸಬೇಕಂದ್ರ ಯಾದಗಿರಿಗೆ ಹೋಗಿ ಎಸಿ, ಅಂದ್ರ ಅಸಿಸ್ಟಂಟ್ ಕಮಿಷನರ್, ಅವರ ಕೋರ್ಟಿನಾಗ ಮೇಲ್ಮನವಿ ಹಾಕಬೇಕು ಅಂದ.

ಮಂದಿಗೆ ಬೇಕಾದಷ್ಟು ಮೇಲ್ಮನವಿ ಬರದು ಕೊಟ್ಟಾವ ನಾ. ನಂದು ಬರೀಲಿಕ್ಕೆ ಕುಂತ್ರ ಪೆನ್ನು ಏಳವಲ್ದು. ನಾಚಿಕಿ ಆತು, ಸುಳ್ಳು ಯಾಕ ಹೇಳ್ಲಿ. ಮೂರು ಹಾಳಿ ಹರದು, ಕಡೀಕ "ಸ್ವಲ್ಪ ಕುಂಟುತ್ತೇನೆ" ಅಂತ ಬರದೆ. ಗುಮಾಸ್ತ ಓದಿ ಹಾಳಿ ಹೊಳ್ಳಿ ಕೊಟ್ಟ.

"ಸ್ವಲ್ಪ ಕುಂಟಿದ್ರ ಮಾಸಾಶನಾನೂ ಸ್ವಲ್ಪ ಬರ್ತದ. ಪೂರಾ ಕುಂಟು!"

ನಡದು ತೋರ್ಸು

ಎಸಿ ಕೋರ್ಟಿಗೆ ಕೊಡಾಕ ಡಾಕ್ಟರರ ಹೊಸ ಸರ್ಟಿಫಿಕೇಟ್ ಬೇಕಾತು. ದವಾಖಾನಿಯಾಗ ಡಾಕ್ಟರು, "ಆ ಗ್ವಾಡಿ ತನಕ ನಡದು ತೋರ್ಸು" ಅಂದ್ರು.

ಈಗ ನನ್ನ ಚಟ ಹೇಳ್ಬೇಕು. ಹೊಸ ಮಂದಿ ನೋಡಾಕತ್ತಾರ ಅಂದ್ರ ನಾ ಕುಂಟಂಗಿಲ್ಲ. ಹಲ್ಲು ಕಚ್ಚಿ, ಕೈ ಕಿಸೆದಾಗ ತೂರಿ, ಒಳಗಿಂದಲೇ ತೊಡಿ ಒತ್ತಿ ಹಿಡದು ನೆಟ್ಟಗ ನಡೀತೀನಿ. ಸಾಲಿ ಹುಡುಗರು ಆಡ್ಕೋತಿದ್ರು, ಆವಾಗಿಂದ ಬಂದ ಚಟ. ಅವತ್ತೂ ಗ್ವಾಡಿ ತನಕ ಮದುಮಗನಂಗ ನಡದು ಹೋಗಿ, ತಿರುಗಿ ನಕ್ಕೆ.

ಡಾಕ್ಟರು ಪೆನ್ನು ಕೆಳಗಿಟ್ರು. ಬಾಜೂ ನಿಂತ ನರ್ಸಮ್ಮ ಅಂದ್ಳು: "ಅಣ್ಣಾರ, ಇಲ್ಲಿ ಯಾರೂ ನಿಮಗ ಹೆಣ್ಣು ತೋರ್ಸಾಕ ಕುಂತಿಲ್ಲ. ಖರೆ ನಡೀರಿ."

ಮತ್ತ ನಡದೆ, ಮತ್ತ ನೆಟ್ಟಗಾತು. ಕಾಲು ನನ್ನ ಮಾತು ಕೇಳವಲ್ದು. ಸಣ್ಣಂದಿನಿಂದ ಕುಂಟೋ ಕಾಲು, ಬೇಕಾದಾಗ ಕುಂಟವಲ್ದು ಅಂದ್ರ ಏನ್ ಹೇಳೋದು! ಕಡೀಕ ಡಾಕ್ಟರು ಟೇಪು ತಗದು ಎರಡೂ ಕಾಲು ಅಳದ್ರು. "ಟೇಪಿಗೆ ನಾಚಿಕಿ ಇಲ್ಲ ನೋಡು" ಅಂತ ನಕ್ಕು, ಅರವತ್ತು ಪರ್ಸೆಂಟ್ ಅಂತ ಬರದು ಕೊಟ್ರು.

ಮನಿಗೆ ಬಂದು ದೊಡ್ಡವ್ವಗ ತೋರಿಸ್ದೆ. "ಅರವತ್ತಾ!" ಅಂತ ಆಕಿ ಕಣ್ಣರಳಿಸಿ ಓಣಿ ತುಂಬ ಸಕ್ರಿ ಹಂಚಿದ್ಳು. "ಎಸ್ಸೆಸ್ಸೆಲ್ಸಿದಾಗ ಮೂವತ್ತೈದು ಬರಲಿಲ್ಲ ಕೂಸಿಗೆ, ಈಗ ನೋಡ್ರಿ, ಫಸ್ಟ್ ಕ್ಲಾಸು!"

ಸಾಕ್ಷಿಯ ತಾಲೀಮು

ಓಡ್ತಾನ ಅಂತ ಹೇಳ್ದಾಕಿ ದೊಡ್ಡವ್ವ, ಅಂದ ಮ್ಯಾಲ ಕೋರ್ಟಿನಾಗ ಆಕೀನೇ ಬಂದು ಇಲ್ಲ ಅನಬೇಕು. ವಿಚಾರಣಿಗೆ ಹದಿನೈದು ದಿನ ಇತ್ತು. ದಿನಾ ಸಂಜಿಗೆ ಕಟ್ಟಿ ಮ್ಯಾಲ ಕುಂದ್ರಿಸಿ ತಾಲೀಮು ಸುರು ಮಾಡ್ದೆ.

"ನಾನೇ ಎಸಿ ಅಂತ ತಿಳಕೋ. ಹುಡುಗನ ಕಾಲು ಹ್ಯಾಂಗ ಅದವ?"

"ಒಂದು ಕಾಲು ಭಾಳ ಛಲೋ ಅದರಿ."

"ಇನ್ನೊಂದು?"

"ಅದೂ ಛಲೋನೇ ಅದ, ಆದ್ರ ಅದರಷ್ಟಲ್ಲ."

ತಲಿ ತಲಿ ಬಡಕೊಂಡೆ. ಒದರಾಡ್ದೆ. "ಕುಂಟ ಅನ್ನೋ ದೊಡ್ಡವ್ವಾ! ಊರ ಮಂದಿ ಎಲ್ಲಾ ಅಂತಾರ, ನಿನಗೇನು ದಾಡಿ?"

ಆಕಿ ಸೆರಗಿಲೇ ಕಣ್ಣೊರಸಿಕೊಂಡ್ಳು. "ನಿಮ್ಮವ್ವ ಸಾಯೋ ಮುಂದ ನಿನ್ನ ನನ್ನ ಉಡ್ಯಾಗ ಹಾಕಿ ಹೋಗ್ಯಾಳ. ಏಳು ವರ್ಷದ ತನಕ ಟೊಂಕದ ಮ್ಯಾಲ ಹೊತ್ತೀನಿ. ಕುಂಟ ಅಂದವರ ಮನಿಗೆ ಹೋಗಿ ಜಗಳಾ ತಗದಾಕಿ ನಾ. ಆ ಮಾತು ಈಗ ನನ್ನ ಬಾಯಿಲೇ ಅನ್ನು ಅಂತೀ, ನಾಲಿಗಿ ಹೊಳ್ಳಬೇಕಲ್ಲೋ."

ಆಕಿ ಬಾಜೂಕ ಕುಂತೆ. ಸಮಾಧಾನಲೇ ಹೇಳ್ದೆ: "ದೊಡ್ಡವ್ವಾ, ನನ್ನ ಅಂಗಡಿ ಉಳೀಬೇಕಂದ್ರ ನೀ ಖರೆ ಹೇಳಬೇಕು. ಯಾರರ ಕೇಳ್ಲಿ, ಏನರ ಕೇಳ್ಲಿ, ಇದ್ದದ್ದು ಇದ್ದಂಗ ಹೇಳು. ಏನೂ ಮುಚ್ಚಿಡಬ್ಯಾಡ. ನನ್ನ ಆಣಿ."

ಆಕಿ ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ಳು. ಆ ಆಣಿ ಎಲ್ಲಿಗೆ ಹೋಗಿ ಮುಟ್ಟತದ ಅಂತ ಆವಾಗ ನನಗ ಹೊಳೀಲಿಲ್ಲ.

ಯಾದಗಿರಿಯ ಫೈಸಲಾ

ಇದರ ನಡುವೇ ಖರೇನೇ ಒಂದು ಸಂಬಂಧ ಬಂದಿತ್ತು, ಸುರಪುರದ್ದು. ಹುಡುಗಿ ಹೊಲಿಗಿ ಅಂಗಡಿ ಇಟ್ಟಾಳ. ಆಕಿ ಅಪ್ಪ ಭಾಳ ಹುಷಾರಿನ ಮನಶ್ಯಾ, "ವಿಚಾರ ಮಾಡಿ ಹೇಳ್ತೀವ್ರಿ" ಅಂತ ಮೂರು ಸಲ ಮುಂದ ಹಾಕಿದ್ದ. ಕೋರ್ಟಿನ ಕೆಲಸ ಮುಗೀಲಿ ಅಂತ ನಾನೂ ಸುಮ್ಮನಿದ್ದೆ. ಅಷ್ಟರಾಗ ಯಾರೋ ಪುಣ್ಯಾತ್ಮರು ಅವಗ, "ಹುಡುಗನ ಕೇಸು ಯಾದಗಿರಿ ಕೋರ್ಟಿನಾಗ ನಡದದ" ಅಂತ ಹೇಳಿಬಿಟ್ಟಾರ. ಖೂನಿ ಕೇಸೋ, ಕಳವಿನ ಕೇಸೋ ನೋಡೇಬಿಡೋಣ ಅಂತ ಅಪ್ಪ ಮಗಳು ಬಸ್ ಹತ್ತಿ ಬಂದು ಕೋರ್ಟಿನ ಹಿಂದಿನ ಬೆಂಚಿನಾಗ ಕುಂತಾರ. ಅವರ ಮಾರಿ ನನಗ ಗುರ್ತಿಲ್ಲ.

ಎಸಿ ಮೇಡಮ್ಮರು ನೋಟೀಸು ಓದಿ ನನ್ನ ನೋಡಿದ್ರು. ಆಮ್ಯಾಲ ತಲಾಟಿನ್ನ ಕೇಳಿದ್ರು: "ನೀವು ಇವರನ್ನ ಕಣ್ಣಿಲೇ ನೋಡಿದ್ರೇನು?"

"ಇಲ್ರಿ ಮೇಡಂ. ಈ ಅಮ್ಮ ಚಿಗರಿಯಂಗ ಓಡ್ತಾನ ಅಂದ್ರು, ಬರಕೊಂಡೆ."

"ಯಾಕಮ್ಮ ಹಂಗ ಹೇಳಿದ್ರಿ?"

ದೊಡ್ಡವ್ವ ಕೈ ಮುಗದ್ಳು. "ತಪ್ಪಾತ್ರೀ ತಾಯಿ. ಇವನ ಎಣ್ಣಿ ಕ್ರಾಪು ನೋಡಿ ಹುಡುಗಿ ಕಡಿಯಾವ ಅಂತ ತಿಳಕೊಂಡೆ. ಮದುವಿ ವಿಚಾರದಾಗ ಯಾರರ ಕುಂಟ ಅಂತ ಹೇಳ್ತಾರೇನ್ರಿ?"

ಕೋರ್ಟಿಗೆ ಕೋರ್ಟೇ ನಕ್ಕಿತು. ತಲಾಟಿ ತನ್ನ ಕ್ರಾಪು ಸವರಿಕೊಂಡ. ಮೇಡಮ್ಮರು ನಗು ಅದುಮಿ, "ಈಗ ಖರೆ ಹೇಳ್ರಿ" ಅಂದ್ರು.

ಆಕಿ ನನ್ನ ಕಡೆ ಒಮ್ಮೆ ನೋಡಿ ಉಸುರು ತಗೊಂಡ್ಳು. "ಕುಂಟ ಅದಾನ್ರೀ" ಅಂದ್ಳು. ಕಟ್ಟಿ ಒಡದ ಕೆರಿ ಆತು ಆಮ್ಯಾಲ. ಮಳಿಗಾಲದಾಗ ಬಚ್ಚಲದಾಗ ಬಿದ್ದಿದ್ದು, ಬಸ್ ಹತ್ತೋ ಮುಂದ ಮಂದಿ ನೂಕಿದ್ದು, ಮಂದಿ ಮುಂದ ನೆಟ್ಟಗ ನಡದು ಮನಿಗೆ ಬಂದು ಮೊಣಕಾಲಿಗೆ ಬಿಸಿನೀರು ಹಾಕ್ಕೊಂಡು ಅತ್ತಿದ್ದು. ಅದು ಆಕಿಗೆ ಗೊತ್ತದ ಅಂತ ನನಗೇ ಗೊತ್ತಿದ್ದಿಲ್ಲ. ತಲಿ ಎತ್ತಲಾರದೆ ನಿಂತೆ. ಮೇಡಮ್ಮರು ಸರ್ಟಿಫಿಕೇಟ್ ನೋಡಿ, ಮಾಸಾಶನ ನಿಂತ ತಿಂಗಳಿಂದಲೇ ಮತ್ತ ಚಾಲೂ ಮಾಡ್ರಿ ಅಂತ ಆದೇಶ ಮಾಡಿದ್ರು. ಗೆದ್ದೆ!

ಹೊರಗ ಪಡಸಾಲಿಗೆ ಬಂದ್ರ ಒಬ್ಬ ಹಿರಿಯಾ, ಒಬ್ಬಾಕಿ ಹುಡುಗಿ ಅಡ್ಡ ಬಂದು ನಿಂತ್ರು. "ನಾವು ಸುರಪುರದವರು" ಅಂದ ಹಿರಿಯಾ. ನನ್ನ ಜೀವ ಹಾರಿಹೋತು. ಅಂಗಡಿ ಉಳೀತು, ಸಂಬಂಧ ಹೋತು ಅಂತ ಅಲ್ಲೇ ಲೆಕ್ಕ ಹಾಕ್ದೆ. ಅಭ್ಯಾಸಬಲ, ಕೈ ಕಿಸೆದಾಗ ತೂರಿ ನೆಟ್ಟಗ ನಿಂದ್ರಾಕ ಹೋದೆ.

"ಕೈ ಮೊಣಕಾಲ ಮ್ಯಾಲೇ ಇಟ್ಕೋರಿ" ಅಂದ್ಳು ಹುಡುಗಿ. "ಒಳಗ ಎಲ್ಲಾ ಕೇಳೀವಿ. ಬ್ಯಾರೆ ವರಗೋಳ ಐಬು ನಾವೇ ಹುಡುಕಬೇಕ್ರಿ, ನಿಮ್ಮದು ಸರ್ಕಾರದ ಸಿಕ್ಕಾ ಬಿದ್ದದ. ಕಾಲಿಂದು ಅರವತ್ತು ಪರ್ಸೆಂಟ್ ಅಂತ ಗೊತ್ತಾತು. ನಿಮಗ ಸಿಟ್ಟು ಭಾಳ ಅಂತ ಮಂದಿ ಅಂತಾರ, ಅದು ಎಷ್ಟು ಪರ್ಸೆಂಟ್ ಅದ?"

ಸಿಟ್ಟು ಅಂದ್ರ ಏನಂತೇ ನನಗ ಗೊತ್ತಿಲ್ಲ ಅನ್ನಾಕ ನಾ ಬಾಯಿ ತಗದೆ. ಅಷ್ಟರಾಗ ದೊಡ್ಡವ್ವ ಕೈ ಮುಗದು ಮುಂದ ಬಂದ್ಳು, ಇನ್ನೂ ಮೇಡಮ್ಮರ ಮುಂದ ನಿಂತೀನಿ ಅನ್ನೋ ಹಂಗ.

"ನೂರಕ್ಕ ನೂರವ್ವಾ! ಅದಕ್ಕ ಡಾಕ್ಟರು ಬ್ಯಾಡ, ಟೇಪು ಬ್ಯಾಡ. ನಾನೇ ಸಾಕ್ಷಿ."

"ದೊಡ್ಡವ್ವಾ!" ಅಂತ ಒದರಿದೆ. ಎಂಥಾ ಒದರು ಅಂದ್ರ ಕೋರ್ಟಿನ ಒಳಗಿನ ಜವಾನ ಹೊರಗ ಓಡಿ ಬಂದ.

"ನನಗ್ಯಾಕ ಒದರ್ತಿಯೋ? ಯಾರರ ಕೇಳ್ಲಿ, ಏನರ ಕೇಳ್ಲಿ, ಮುಚ್ಚಿಡಬ್ಯಾಡ ಅಂತ ಆಣಿ ಹಾಕಿದಾವ ನೀನೇ!"

ಹುಡುಗಿ ಸೆರಗು ಬಾಯಿಗೆ ಹಿಡಕೊಂಡು ನಕ್ಕು ನಕ್ಕು ಅಪ್ಪನ ಕಡೆ ತಿರುಗಿದ್ಳು.

"ಅಪ್ಪಾ, ಸಾಬೀತಾತು. ಇನ್ನ ಮುಂದಿನ ತಾರೀಖು ಹಾಕಬ್ಯಾಡ, ಫೈಸಲಾ ಮಾಡಿಬಿಡು."