ದೊಡ್ಡಮ್ಮನ ಫ್ಯೂಸ್ ಡಬ್ಬಿ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಯಾವ ಸಾಮಾನೂ ಸುಮ್ಮಸುಮ್ಮನೆ ಕೆಡುವ ಹಾಗಿಲ್ಲ. ಕೆಡುವುದಿದ್ದರೆ ಕಾರಣ ಕೊಟ್ಟೇ ಕೆಡಬೇಕು! ಮಿಕ್ಸಿ ನಿಂತುಹೋದರೆ ನೀವು ನಾನು ಏನು ಮಾಡುತ್ತೇವೆ? ತಲೆಗೆರಡು ತಟ್ಟಿ ನೋಡಿ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗುತ್ತೇವೆ. ದೊಡ್ಡಮ್ಮ ಹಾಗಲ್ಲ. ಅದರ ಮುಂದೆ ಮಣೆ ಹಾಕಿಕೊಂಡು ಕೂತು, “ಯಾವಾಗಿಂದ ಹೀಗೆ? ಮೊದಲು ಸದ್ದು ಬಂತಾ, ವಾಸನೆ ಬಂತಾ?” ಎಂದು ವಿಚಾರಣೆ ಶುರುಮಾಡುತ್ತಾರೆ. ಮಿಕ್ಸಿಗೆ ಬಾಯಿಲ್ಲವಾದ್ದರಿಂದ ಉತ್ತರವನ್ನು ನಾವು ಕೊಡಬೇಕು. ಕೊಡದಿದ್ದರೆ ಅವತ್ತು ಚಟ್ನಿ ಇಲ್ಲ.

ಇದು ಅವರ ನೌಕರಿ ಕಲಿಸಿದ ಗುಣ. ಚಿಂತಾಮಣಿ ಸುತ್ತಮುತ್ತಲ ಹಳ್ಳಿಗಳಲ್ಲಿ ನರ್ಸ್ ಆಗಿದ್ದವರು ಅವರು. ಅವರ ಕೈಯಲ್ಲಿ ಹುಟ್ಟಿದವರು ಈಗ ಮೀಸೆ ಬಿಟ್ಟುಕೊಂಡು ಓಡಾಡುತ್ತಿದ್ದಾರೆ. ಎದುರಿಗೆ ಸಿಕ್ಕರೆ “ಸಿಸ್ಟರಮ್ಮಾ” ಎಂದು ತಲೆ ತಗ್ಗಿಸುತ್ತಾರೆ. ನಿವೃತ್ತಿಯಾದ ಮೇಲೂ ಅವರು ಎರಡು ವಸ್ತುಗಳನ್ನು ಕೈಬಿಡಲಿಲ್ಲ. ಒಂದು, ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಸ್ಟೆತಾಸ್ಕೋಪು. ಇನ್ನೊಂದು, ಗಾಯಕ್ಕೆ ಅಂಟಿಸುವ ಬಿಳೀ ಪ್ಲಾಸ್ಟರಿನ ಸುರುಳಿ. ಮನೆಯ ಡಬ್ಬಗಳ ಮೇಲೆಲ್ಲ ಆ ಪ್ಲಾಸ್ಟರ್ ತುಂಡುಗಳು: ‘ಧನಿಯ’, ‘ಮೆಂತ್ಯ’, ‘ಖಾಲಿ’. ಖಾಲಿ ಡಬ್ಬಕ್ಕೂ ಚೀಟಿ ಅಂಟಿಸುವವರನ್ನು ನೀವು ಕಂಡಿದ್ದೀರಾ?

ದೊಡ್ಡಪ್ಪ ಇದಕ್ಕೆ ಪೂರ್ತಿ ತದ್ವಿರುದ್ಧ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ರಸ್ತೆಯಲ್ಲೇ ಆಯಸ್ಸು ಕಳೆದವರು. ಡ್ರೈವರ್ ಪಕ್ಕದಲ್ಲೇ ಅಷ್ಟು ವರ್ಷ ಇದ್ದರೂ ಗಾಡಿ ಓಡಿಸುವುದನ್ನು ಮಾತ್ರ ಕಲಿಯಲಿಲ್ಲ. “ಓಡಿಸೋನಿಗೆ ರಸ್ತೆ ಮಾತ್ರ ಕಾಣೋದು. ನಂಗೆ ಜನ ಕಾಣ್ತಾರೆ,” ಎನ್ನುತ್ತಿದ್ದರು. ಹೀಗಾಗಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಾಗ ಡ್ರೈವಿಂಗ್ ಕಲಿತವರು ದೊಡ್ಡಮ್ಮ. ಅದೂ ನಿವೃತ್ತಿಯಾದ ಮೇಲೆ!

ಕಾರು ಹಳೆಯದು. ಬಣ್ಣ ಬಿಳಿ ಎಂದು ಆರ್.ಸಿ. ಪುಸ್ತಕದಲ್ಲಿ ಬರೆದಿತ್ತು, ನೋಡಿದವರಿಗೆ ಹಾಗನ್ನಿಸುತ್ತಿರಲಿಲ್ಲ. ತಂದ ವಾರದಲ್ಲೇ ಬಲಗಡೆಯ ದೀಪ ಕೈಕೊಟ್ಟಿತು. ದೊಡ್ಡಮ್ಮ ಬಾನೆಟ್ ಎತ್ತಿ, ಫ್ಯೂಸ್ ಡಬ್ಬಿ ಹುಡುಕಿ, ಅದರ ಮುಚ್ಚಳದ ಮೇಲಿದ್ದ ನಕ್ಷೆಯ ಪ್ರಕಾರ ಬಲದೀಪದ ಫ್ಯೂಸನ್ನು ಕಿತ್ತರು. ರೇಡಿಯೋ ನಿಂತುಹೋಯಿತು. ಎಡದೀಪದ್ದು ಕಿತ್ತರು. ವೈಪರು ನಿಂತಿತು. ಆಮೇಲೆ ತಿಳಿದದ್ದೇನೆಂದರೆ, ಹಿಂದಿನ ಮಾಲೀಕರು ಒಡೆದುಹೋದ ಮುಚ್ಚಳದ ಬದಲು ಬೇರೆ ಯಾವುದೋ ಗಾಡಿಯ ಮುಚ್ಚಳವನ್ನು ತಂದು ಕೂರಿಸಿದ್ದರು. ಅಂದರೆ ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು!

“ಬೇರೆ ಪೇಷೆಂಟಿನ ಕೇಸ್ ಶೀಟು ತಂದು ಈ ಮಂಚಕ್ಕೆ ನೇತಾಕಿದಾರೆ ಕಣೇ,” ಎಂದು ದೊಡ್ಡಮ್ಮ ನನ್ನ ಹತ್ತಿರ ಫೋನಿನಲ್ಲಿ ಅರ್ಧ ಗಂಟೆ ಸಿಟ್ಟಾದರು.

ಆ ಭಾನುವಾರ ನಾನು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯ ಅವರ ಮನೆಗೆ ಹೋದೆ. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಕೆಲಸ ಮಾಡುವವಳು. ಭಾನುವಾರ ದೊಡ್ಡಮ್ಮನ ಊಟ ನನ್ನ ಹಕ್ಕು. ಹೋಗಿ ನೋಡಿದರೆ ಊಟದ ಸುದ್ದಿಯೇ ಇಲ್ಲ. ಕಾರಿನ ಬಾನೆಟ್ ಎತ್ತಿದೆ. ದೊಡ್ಡಮ್ಮ ಹುಬ್ಬು ಕೀಳುವ ಚಿಮುಟ ಹಿಡಿದು ಒಂದೊಂದೇ ಫ್ಯೂಸ್ ಕೀಳುತ್ತಿದ್ದಾರೆ. ದೊಡ್ಡಪ್ಪ ಒಳಗೆ ಕೂತು, ದೀಪ, ರೇಡಿಯೋ, ವೈಪರು ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು, ಯಾವುದು ನಿಂತಿತು ಎಂದು ವರದಿ ಒಪ್ಪಿಸುತ್ತಿದ್ದಾರೆ. ಅದೂ ಅವರ ಭಾಷೆಯಲ್ಲೇ!

“ಯಾವುದು ಹೋಯ್ತು?”

“ರೇಡಿಯೋ ಇಳೀತು!”

“ಈಗ?”

“ರೇಡಿಯೋ ಹತ್ತಿತು! ರೈಟ್!”

“ಇದು?”

“ಯಾರೂ ಇಳೀಲಿಲ್ಲ. ಮುಂದೆ ಹೋಗು!”

ಬೀದಿಯವರೆಲ್ಲ ಕಾಂಪೌಂಡಿನ ಆಚೆ ನಿಂತು ನಗುತ್ತಿದ್ದರು. ದೊಡ್ಡಪ್ಪನ ಗಂಟಲೆಂದರೆ ಅದು ಗಂಟಲಲ್ಲ. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಎದುರಿನಿಂದ ಬರುವ ಬಸ್ಸೂ ನಿಲ್ಲುತ್ತಿತ್ತು ಎಂದು ಹೇಳುವವರಿದ್ದಾರೆ. ನನಗೆ ಅನುಮಾನವಿಲ್ಲ.

ಫ್ಯೂಸುಗಳ ಗುರುತು ಸಿಕ್ಕಿದ ಮೇಲೆ ಎಲ್ಲದರ ಪಕ್ಕದಲ್ಲೂ ಪ್ಲಾಸ್ಟರ್ ಚೀಟಿ ಬಂತು. ಒಂದು ಫ್ಯೂಸಿನ ಕೆಲಸ ಏನೆಂದು ಮಾತ್ರ ಎಷ್ಟು ಕಿತ್ತು ಹಾಕಿದರೂ ತಿಳಿಯಲಿಲ್ಲ. ಅದಕ್ಕೆ ದೊಡ್ಡಮ್ಮ ‘ಅಬ್ಸರ್ವೇಶನ್’ ಎಂದು ಬರೆದು ಅಂಟಿಸಿದರು.

ಆಮೇಲೆ ರಿಲೇಗಳ ಸರದಿ. ರಿಲೇ ಎಂದರೆ ಬೆಂಕಿಪೊಟ್ಟಣದಷ್ಟಿರುವ ಕರೀ ಡಬ್ಬಿ. ನಾವು ಸ್ವಿಚ್ ಒತ್ತಿದಾಗ ಅದು ಒಳಗೇ ‘ಟಿಕ್’ ಎಂದು ಕಚ್ಚಿಕೊಂಡು, ಹಾರನ್ನಿಗೋ ಪಂಪಿಗೋ ಕರೆಂಟು ದಾಟಿಸುತ್ತದೆ. ಎಲ್ಲವೂ ನೋಡಲು ಒಂದೇ ಥರ. ಯಾವುದು ಯಾವುದರದ್ದು ಎಂದು ಗುರುತು ಹಿಡಿಯುವುದು ಹೇಗೆ? ಫ್ಯೂಸಿನ ಹಾಗೆ ಸುಮ್ಮನೆ ಕಿತ್ತು ನೋಡಲು ದೊಡ್ಡಮ್ಮನಿಗೆ ಮನಸ್ಸಾಗಲಿಲ್ಲ. ಒಳಗೆ ಹೋಗಿ ಸ್ಟೆತಾಸ್ಕೋಪ್ ತಂದರು.

ನಾನು ಸುಳ್ಳು ಹೇಳುತ್ತಿಲ್ಲ. ಕಿವಿಗೆ ಅದನ್ನು ಸಿಕ್ಕಿಸಿಕೊಂಡು, ಬಿಲ್ಲೆಯನ್ನು ಒಂದೊಂದೇ ರಿಲೇ ಮೇಲೆ ಇಟ್ಟು, “ರೀ, ಹಾರನ್ ಒತ್ತಿ,” ಎಂದರು. ದೊಡ್ಡಪ್ಪ ಒತ್ತಿದರು. ಕಿವಿಯಲ್ಲಿ ಸ್ಟೆತಾಸ್ಕೋಪು, ಒಂದು ಮೊಳ ದೂರದಲ್ಲಿ ಹಾರನ್! ದೊಡ್ಡಮ್ಮ ಎಗರಿ ಹಿಂದಕ್ಕೆ ಬಿದ್ದರು. ಎದ್ದವರೇ ಮೊದಲು ಹೇಳಿದ ಮಾತು: “ಸಿಕ್ತು. ಮೂಲೇದು ಹಾರನ್ನಿಂದು.”

ಈ ಸುದ್ದಿ ಊರೆಲ್ಲ ಹಬ್ಬಿತು. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವ ಭಾಯಿ ಒಬ್ಬರಿದ್ದಾರೆ. ದೊಡ್ಡಮ್ಮ ಅಲ್ಲಿಗೆ ಫ್ಯೂಸ್ ಕೊಳ್ಳಲು ಹೋದರೆ ಅವರು ಎದ್ದು ನಿಂತು, “ಬನ್ನಿ ಡಾಕ್ಟರಮ್ಮಾ. ಈ ಲಾರಿಗೆ ಬೆಳಿಗ್ಗೆಯಿಂದ ಮೈ ಸರಿ ಇಲ್ಲ, ಸ್ವಲ್ಪ ನೋಡ್ತೀರಾ?” ಎನ್ನುತ್ತಿದ್ದರು. ದೊಡ್ಡಮ್ಮ ಅದು ಹಾಸ್ಯವೆಂದು ತಿಳಿಯದೆ ನಿಜವಾಗಿಯೂ ನೋಡುತ್ತಿದ್ದರು. ಭಾಯಿ ತಲೆ ಚಚ್ಚಿಕೊಳ್ಳುತ್ತಿದ್ದರು.

ಇಷ್ಟರಲ್ಲೇ ದೊಡ್ಡಪ್ಪನ ಕಾಲು ಊದಿಕೊಳ್ಳಲು ಶುರುವಾಯಿತು. ಮುಖವೂ ಊದಿತು. ಪರೀಕ್ಷೆ ಮಾಡಿಸಿದಾಗ ಎರಡೂ ಕಿಡ್ನಿ ಕೈಬಿಟ್ಟಿವೆ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು, ಕುಡಿಯುವ ನೀರಿಗೂ ತಿನ್ನುವ ಉಪ್ಪಿಗೂ ಲೆಕ್ಕ ಇಡಬೇಕು. ಜಾಗ ಸಿಕ್ಕಿದ್ದು ಚಿಕ್ಕಬಳ್ಳಾಪುರದಲ್ಲಿ. ದೊಡ್ಡಪ್ಪ ಜೀವಮಾನವೆಲ್ಲ ಓಡಾಡಿದ ರಸ್ತೆಯಲ್ಲಿ, ಈಗ ಹೆಂಡತಿಯ ಪಕ್ಕದಲ್ಲಿ ಕೂತು, ಟಿಕೆಟ್ ಕೊಡುವವರೂ ಇಲ್ಲದೆ ಪಡೆಯುವವರೂ ಇಲ್ಲದೆ ಓಡಾಡತೊಡಗಿದರು.

ಕಾಯಿಲೆಗಿಂತ ಹೆಚ್ಚಾಗಿ ನಮ್ಮನ್ನು ಹೆದರಿಸಿದ್ದು ಅವರ ಮೌನ. ಆ ಗಂಟಲು ಇದ್ದಕ್ಕಿದ್ದ ಹಾಗೆ ಬಾಗಿಲು ಹಾಕಿಕೊಂಡಿತು. ಊಟಕ್ಕೆ ಕರೆದರೆ ‘ಹೂಂ’. ಯಾರಾದರೂ ನೋಡಲು ಬಂದರೆ ಗೋಡೆ ಕಡೆ ತಿರುಗಿ ಮಲಗುವುದು. ಒಂದು ಸಲ ಹಟ ಮಾಡಿ ಡಯಾಲಿಸಿಸ್ಸಿಗೆ ಹೋಗಲೇ ಇಲ್ಲ; ಮಾರನೆಯ ದಿನ ಉಸಿರು ಸಿಕ್ಕದೆ ಒದ್ದಾಡಿ, ಆಂಬುಲೆನ್ಸಿನಲ್ಲಿ ಕರೆದೊಯ್ಯಬೇಕಾಯಿತು. ಯಾವ ರಿಲೇ ಕಚ್ಚುತ್ತಿದೆ, ಯಾವುದು ಕಚ್ಚುತ್ತಿಲ್ಲ ಎಂದು ಹೇಳಬಲ್ಲ ದೊಡ್ಡಮ್ಮನಿಗೆ ಇದೊಂದಕ್ಕೆ ಮಾತ್ರ ದಾರಿ ಕಾಣಲಿಲ್ಲ. “ಎಲ್ಲಿ ಕಟ್ ಆಗಿದೆ ಅಂತ ಗೊತ್ತಾಗ್ತಿಲ್ಲ ಕಣೇ,” ಎಂದು ಒಮ್ಮೆ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿಕೊಂಡು ಹೇಳಿದರು.

ಒಂದು ಸೋಮವಾರ. ಭಾನುವಾರ ಅವರ ಮನೆಯಲ್ಲೇ ಉಳಿದಿದ್ದ ನಾನು ಕಾಲೇಜಿಗೆಂದು ಅವರ ಜೊತೆಯಲ್ಲೇ ಹೊರಟೆ. ಬೆಳಿಗ್ಗೆಯಿಂದ ದೊಡ್ಡಪ್ಪನದು ಒಂದೇ ರಾಗ: “ಇವತ್ತು ಬೇಡ.” ಹೇಗೋ ಕೈಹಿಡಿದು ಕೂರಿಸಿದೆವು. ಶಿಡ್ಲಘಟ್ಟ ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ ಕಾರು ಎರಡು ಸಲ ಮುಗ್ಗರಿಸಿ, ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ನಿಂತುಬಿಟ್ಟಿತು.

ಕೀ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದರು: “ಬಿಡೇ. ವಾಪಸ್ ಹೋಗಣ. ಗಾಡಿಗೂ ಸಾಕಾಗಿದೆ, ನಂಗೂ ಸಾಕಾಗಿದೆ.”

ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ಕೇಳಿ ಬಹಳ ದಿನಗಳಾಗಿದ್ದವು. ಕೇಳಿದ ಮೇಲೆ, ಕೇಳದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ದೊಡ್ಡಮ್ಮ ಇಳಿದು ಬಾನೆಟ್ ಎತ್ತಿದರು. ನಾನೂ ಇಳಿದು, “ದೊಡ್ಡಮ್ಮಾ, ಆಟೋ ಮಾಡ್ಕೊಂಡು ಹೋಗಿಬಿಡೋಣ,” ಎಂದೆ.

“ಬೇಡ,” ಎಂದರು ಪಿಸುದನಿಯಲ್ಲಿ. “ಈಗ ಕೆಳಗಿಳಿದ್ರೆ ಅವರು ಆಟೋ ಹತ್ತಲ್ಲ. ಎದುರಿಗೆ ಬರೋ ಬಸ್ ಹತ್ತಿ ಮನೇಗೆ ಹೋಗ್ಬಿಡ್ತಾರೆ. ಗಾಡೀನೇ ಎಬ್ಬಿಸಬೇಕು.”

ನನ್ನನ್ನು ಹಿಂದಿನ ಸೀಟಿಗೆ ಕಿವಿಯೊಡ್ಡಿ ಕೂರಲು ಹೇಳಿ ಕೀ ತಿರುಗಿಸಿದರು. “ಕೆಳಗೆ ‘ಗುಂಯ್’ ಅಂತಾ?”

“ಇಲ್ಲ.”

“ಪೆಟ್ರೋಲ್ ಪಂಪ್ ಎದ್ದಿಲ್ಲ.”

ಪಂಪಿನ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಅದು ಸುಟ್ಟಿರಲಿಲ್ಲ. ಕೈಚೀಲದಿಂದ ಸ್ಟೆತಾಸ್ಕೋಪ್ ತೆಗೆದರು. ಪಂಪಿನ ರಿಲೇ ಮೇಲೆ ಬಿಲ್ಲೆ ಇಟ್ಟು ನನಗೆ ಕೀ ತಿರುಗಿಸಲು ಹೇಳಿದರು. ರಸ್ತೆಯಲ್ಲಿ ಟೊಮೇಟೊ ತುಂಬಿದ ಗಾಡಿಗಳು ಹೋಗುತ್ತಿದ್ದವು. ಹೋದವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ನರೆತ ತಲೆಯ ಹೆಂಗಸು, ಕಾಟನ್ ಸೀರೆ, ಕಾರಿನ ಎದೆ ಬಡಿತ ಕೇಳುತ್ತಿದ್ದಾರೆ! ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

“ಟಿಕ್ ಅಂತಿಲ್ಲ. ಇದು ಹೋಗಿದೆ,” ಎಂದರು.

ಆಮೇಲೆ ಮೂಲೆಯಲ್ಲಿದ್ದ ಹಾರನ್ನಿನ ರಿಲೇ ಕಿತ್ತರು. ಎರಡರ ಬೆನ್ನ ಮೇಲಿದ್ದ ನಂಬರನ್ನೂ, ಕಾಲುಗಳನ್ನೂ ಹೋಲಿಸಿ ನೋಡಿ, ಪಂಪಿನ ಜಾಗದಲ್ಲಿ ಕೂರಿಸಿದರು. ಕೀ ತಿರುಗಿಸಿದೆ. ಸೀಟಿನ ಕೆಳಗೆ ‘ಗುಂಯ್’ ಎಂದಿತು. ಇಂಜಿನ್ ಹತ್ತಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ದೊಡ್ಡಮ್ಮ ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟೇಬಿಟ್ಟರು.

ಒಂದೇ ತೊಂದರೆ. ಹಾರನ್ ಇಲ್ಲ.

ನಮ್ಮ ಕಡೆಯ ರಸ್ತೆಯಲ್ಲಿ ಬ್ರೇಕ್ ಇಲ್ಲದೆಯಾದರೂ ಹೋಗಬಹುದು, ಹಾರನ್ ಇಲ್ಲದೆ ಹೋಗುವುದುಂಟೆ? ಅದರಲ್ಲೂ ಬೆಳಗಿನ ಶಿಡ್ಲಘಟ್ಟ! ರೇಷ್ಮೆಗೂಡಿನ ಚೀಲ ಹೇರಿಕೊಂಡ ಆಟೋಗಳು, ಗೂಡಿನ ಮಾರ್ಕೆಟ್ಟಿನಿಂದ ನುಗ್ಗಿ ಬರುವ ಬೈಕುಗಳು, ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ರೇಟು ಮಾತಾಡುವವರು. ದೊಡ್ಡಮ್ಮ ಹಾರನ್ ಒತ್ತುತ್ತಾರೆ, ಸದ್ದಿಲ್ಲ. ಮತ್ತೆ ಒತ್ತುತ್ತಾರೆ. ಗಾಡಿ ಆಮೆಯ ಹಾಗೆ ತೆವಳುತ್ತಿದೆ. ಆಸ್ಪತ್ರೆಯಲ್ಲಿ ಕೊಟ್ಟಿರುವ ಹೊತ್ತು ಮೀರುತ್ತಿದೆ. ಮೀರಿದರೆ ಆ ಮಂಚ ಬೇರೆಯವರಿಗೆ.

ಆಗ ಒಂದು ಗೂಡಿನ ಆಟೋ ಅಡ್ಡ ಬಂದು ನಿಂತಿತು. ಅದರವನು ಹಿಂದಕ್ಕೂ ಹೋಗ, ಮುಂದಕ್ಕೂ ಹೋಗ.

‘ಧಡ್ ಧಡ್ ಧಡ್!’

ನಾನು ಬೆಚ್ಚಿಬಿದ್ದೆ. ದೊಡ್ಡಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದರು. ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯನ್ನು ಸುತ್ತಿ ತಂದು ಕಾರಿನ ಬಾಗಿಲಿಗೆ ಬಡಿಯುತ್ತಿದ್ದರು.

“ಏಯ್! ಸೈಡ್ ಸೈಡ್ ಸೈಡ್! ಆಟೋ ಲೆಫ್ಟಿಗೆ ತಗೋ! ಬೈಕು, ಹಾಗೇ ನಿಲ್ಲಪ್ಪ! ಬರ್ಲಿ ಬರ್ಲಿ ಬರ್ಲಿ... ರೈಟ್!”

ಅದೇ ಗಂಟಲು! ಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೇ. ಆಟೋ ಸರಿಯಿತು. ಮಾರ್ಕೆಟ್ಟಿನ ಮುಂದೆ ಜನ ಎರಡು ಪಾಲಾಯಿತು. ಟೊಮೇಟೊ ಲಾರಿಯವನೊಬ್ಬ ಮೇಲಿನಿಂದ ಬಗ್ಗಿ, “ಏಂ ತಾತಾ, ಕಾರ್‌ಕಿ ಹಾರನ್ ಲೇದಾ?” ಎಂದು ತೆಲುಗಿನಲ್ಲಿ ಛೇಡಿಸಿದ, ಕಾರಿಗೆ ಹಾರನ್ ಇಲ್ವಾ ಅಂತ.

“ಎಂದುಕು ಲೇದು? ನೇನುನ್ನಾನು ಕದಾ!” ಎಂದರು ದೊಡ್ಡಪ್ಪ. ಯಾಕಿಲ್ಲ, ನಾನಿದ್ದೀನಲ್ಲ!

ಲಾರಿಯವನು ನಕ್ಕು ದಾರಿ ಬಿಟ್ಟ. ದೊಡ್ಡಪ್ಪನೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ರಸ್ತೆಯ ಮೇಲಿಟ್ಟ ಕಣ್ಣು ಕೀಳದೆ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಓಡಿಸುತ್ತಿದ್ದರು.

ಚಿಕ್ಕಬಳ್ಳಾಪುರ ತಲುಪಿದಾಗ ಇನ್ನೂ ಹೊತ್ತಿತ್ತು.

ಮುಂದಿನ ಭಾನುವಾರ ಹೋಗುವಾಗ, ಚಿಕ್ಕಬಳ್ಳಾಪುರದ ಅಂಗಡಿಯಿಂದ ಅದೇ ನಂಬರಿನ ಹೊಸ ರಿಲೇ ಕೊಂಡು ಹೋದೆ. ದೊಡ್ಡಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಅವರೆದುರಿಗೇ ದೊಡ್ಡಮ್ಮನ ಕೈಗಿಟ್ಟೆ. ದೊಡ್ಡಮ್ಮ ಅದನ್ನು ತಿರುಗಿಸಿ ನಂಬರ್ ನೋಡಲಿಲ್ಲ. ಕಾಲು ಎಣಿಸಲಿಲ್ಲ. ಅಲ್ಲಾಡಿಸಿ ಕಿವಿಗೂ ಇಟ್ಟುಕೊಳ್ಳಲಿಲ್ಲ.

“ಇದು ನಮ್ಮ ಗಾಡಿಗೆ ಆಗಲ್ಲ ಕಣೇ,” ಎಂದರು.

“ಅಲ್ಲ ದೊಡ್ಡಮ್ಮಾ, ಅದೇ ನಂ...”

“ಆಗಲ್ಲ ಅಂದೆನಲ್ಲ.” ನನ್ನ ಮುಂಗೈ ಹಿಡಿದು ಒತ್ತಿದರು.

ದೊಡ್ಡಪ್ಪ ಪೇಪರ್ ಇಳಿಸಿದರು. “ಎಲ್ಲೂ ಸಿಗಲ್ವಂತಾ?”

“ಇಷ್ಟು ಹಳೇ ಗಾಡಿಗೆ ಎಲ್ಲಿ ಸಿಗುತ್ತೆ ರೀ?” ಎಂದರು ದೊಡ್ಡಮ್ಮ. ಖಾಲಿ ಡಬ್ಬಕ್ಕೆ ಖಾಲಿ ಎಂದೇ ಬರೆದು ಬದುಕಿದ ಹೆಂಗಸು, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳಿದರು.

ದೊಡ್ಡಪ್ಪ ಪೇಪರ್ ಮಡಿಸಿಟ್ಟರು. ಗಂಟಲು ಸರಿಮಾಡಿಕೊಂಡರು.

“ಹಂಗಾದ್ರೆ ಒಂದು ಲೋಟ ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಬಾ. ಗಂಟಲು ಕಟ್ಟಿದೆ. ನಾಳೆ ಹೋಗ್ಬೇಕಲ್ಲ.”

“ಬರೀ ಮುಕ್ಕಳಿಸಿ ಉಗೀಬೇಕು, ಒಂದು ತೊಟ್ಟೂ ನುಂಗಬಾರದು,” ಎನ್ನುತ್ತಾ ದೊಡ್ಡಮ್ಮ ಓಡುವ ಹಾಗೆ ಒಳಗೆ ಹೋದರು.